ಇದು ನೀವೇ ಬಿಡಿಸಿದ್ದಾ, ಬರೀ ಎಡಿಟ್ ಮಾಡಿದ್ದಾ?

ಡಿಸ್ನಿ ಕಾರ್ಟೂನ್ ರಾಜಕುಮಾರಿಯರ ನನ್ನ ಚಿತ್ರಗಳನ್ನು ನೋಡಿದವರು ಮೊದಲು ಕೇಳುವುದು ಈ ಪ್ರಶ್ನೆಯನ್ನೇ. ಸಿನಿಮಾದಿಂದ ತೆಗೆದು ಎಡಿಟ್ ಮಾಡಿದ್ದು. ಮುಖ ನನ್ನದಲ್ಲ, ಕಣ್ಣು ನನ್ನದಲ್ಲ, ನಿಂತ ಭಂಗಿಯೂ ನನ್ನದಲ್ಲ. ಇಷ್ಟನ್ನು ಯಾರಿಗೆ ಬೇಕಾದರೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆದರೆ ಆ 'ಬರೀ' ಎಂಬ ಪದ ಮಾತ್ರ ನನಗೆ ಒಪ್ಪಿಗೆಯಿಲ್ಲ. ಯಾಕೆ ಎಂದು ಒಂದೇ ಒಂದು ಚಿತ್ರ ಇಟ್ಟುಕೊಂಡು ಹೇಳುತ್ತೇನೆ.

ಡಿಸ್ನಿಯ 1950ರ 'ಸಿಂಡರೆಲ್ಲಾ'ದಲ್ಲಿ ಅವಳೂ ರಾಜಕುಮಾರನೂ ರಾತ್ರಿಯ ತೋಟದಲ್ಲಿ ಕುಣಿಯುತ್ತಾರಲ್ಲ, ಅಲ್ಲಿಂದ ಅವನನ್ನು ತೆಗೆದು ಅವಳೊಬ್ಬಳೇ ಕುಣಿಯುವಂತೆ ಮಾಡಬೇಕು ಅಂತ ನನಗೆ ಬಹಳ ದಿನದ ಆಸೆ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಒಂದೊಂದನ್ನೇ ಮುಂದೆ ತಳ್ಳುತ್ತಾ, ಮುಖ ಸರಿಯಾಗಿ ಕಾಣುವ ಫ್ರೇಮ್ ಹುಡುಕುವುದಕ್ಕೇ ಒಂದು ಸಂಜೆ ಹೋಯಿತು. ಅವನನ್ನು ಅಳಿಸಿದೆ. ಅಳಿಸಿದ ಮೇಲೆ ಅವಳ ಬೆನ್ನ ಮೇಲೆ ಐದು ಬೆರಳಿನ ಆಕಾರದ ತೂತು ಉಳಿಯಿತು. ಫೋಟೋಶಾಪ್‌ಗೆ ತಾನೇ ತುಂಬಿಸು ಅಂದರೆ, ಅದು ಪಕ್ಕದ ಪೊದೆಯ ಎಲೆಗಳನ್ನು ತಂದು ಗೌನಿನ ಮೇಲೆ ಹಚ್ಚಿತು. ಆ ಕೈಯ ಕೆಳಗೆ ಬಟ್ಟೆ ಹೇಗಿತ್ತು ಎಂದು ಯಾರೂ ಬಿಡಿಸಿಯೇ ಇಲ್ಲ. ಅದನ್ನು ನಾನು ಬಿಡಿಸಬೇಕಿತ್ತು.

ಮೊದಲ ಸಲ ಕಪ್ಪು ಗೆರೆ ಎಳೆದೆ. ಅಂಗೈಯಗಲದ ಆ ಜಾಗ ಮಾತ್ರ ತೇಪೆ ಹಾಕಿದಂತೆ ಎದ್ದು ಕಂಡಿತು. 800 ಪರ್ಸೆಂಟಿಗೆ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು, ಅವಳ ಗೌನಿನ ಅಂಚಿನಲ್ಲಿ ಕಪ್ಪು ಗೆರೆಯೇ ಇಲ್ಲ. ಗೌನಿನದೇ ಬಣ್ಣ, ಸ್ವಲ್ಪ ಗಾಢ. ಕೂದಲಿನ ಅಂಚಿಗೆ ಕೂದಲಿನದೇ ಬಣ್ಣದ ಗೆರೆ, ಕೆನ್ನೆಯ ಅಂಚಿಗೆ ಚರ್ಮದ ಬಣ್ಣದ ಗೆರೆ. ಆ ಕಾಲದಲ್ಲಿ ಪಾರದರ್ಶಕ ಸೆಲ್ ಹಾಳೆಯ ಮುಂಬದಿಗೆ ಬಣ್ಣದ ಶಾಯಿಯಲ್ಲಿ ಕೈಯಿಂದಲೇ ಗೆರೆ ಎಳೆದು, ಹಿಂಬದಿಗೆ ಬಣ್ಣ ತುಂಬುತ್ತಿದ್ದರು. 1961ರ '101 ಡಾಲ್ಮೇಷಿಯನ್ಸ್' ಹೊತ್ತಿಗೆ ಪೆನ್ಸಿಲ್ ಗೆರೆಯನ್ನು ಜೆರಾಕ್ಸ್ ಮಾಡಿ ನೇರ ಸೆಲ್ ಮೇಲೆ ಇಳಿಸುವುದು ಬಂತು, ಗೆರೆ ಕಪ್ಪಾಯಿತು, ಒರಟಾಯಿತು. ಹಾಗಾಗಿ ಯಾವ ವರ್ಷದ ಚಿತ್ರ ಎಂದು ತಿಳಿಯದೆ ನಾನು ಬ್ರಷ್ ಹಿಡಿಯುವುದಿಲ್ಲ.

ಆ ಶಾಯಿಯ ಗೆರೆಗಳನ್ನು ಎಳೆದವರು ಹೆಚ್ಚಾಗಿ ಹೆಂಗಸರು. ಅವರಲ್ಲಿ ಬಹುತೇಕರ ಹೆಸರು ತೆರೆಯ ಮೇಲೆ ಬರಲೇ ಇಲ್ಲ. ಸಿಂಡರೆಲ್ಲಾಳನ್ನು ಚಲಿಸುವಂತೆ ಮಾಡಿದ ಮಾರ್ಕ್ ಡೇವಿಸ್, ಎರಿಕ್ ಲಾರ್ಸನ್ ಅವರ ಹೆಸರಾದರೂ ಸಿಗುತ್ತದೆ. ಅವರ ರೇಖೆಯನ್ನು ಒಂದು ಕೂದಲೆಳೆಯೂ ದಪ್ಪವಾಗದಂತೆ ಸೆಲ್ ಮೇಲೆ ಇಳಿಸಿದ ಆ ಕೈಗಳು ಯಾರವೋ. ಬೆನ್ನಿನ ಮೇಲಿನ ನಾಲ್ಕು ನೆರಿಗೆ ಎಳೆಯಲು ನನಗೆ ಮೂರು ದಿನ ಹಿಡಿಯಿತು. ತಪ್ಪಾದಾಗ ಒಂದು ಹೆಜ್ಜೆ ಹಿಂದೆ ಹೋಗುವ ಸೌಲಭ್ಯ ನನಗಿತ್ತು, ಅವರಿಗೆ ಇರಲಿಲ್ಲ.

ಬಣ್ಣದ್ದು ಬೇರೆ ಕತೆ. ಆ ಗೌನ್ ನೀಲಿ ಎಂದೇ ನಾನೂ ನಂಬಿದ್ದೆ. ಗೊಂಬೆಗಳಲ್ಲಿ, ಸ್ಟಿಕ್ಕರುಗಳಲ್ಲಿ ನೋಡಿದ್ದು ನೀಲಿಯನ್ನೇ. ಸಿನಿಮಾದಲ್ಲಿ ಅದು ಬೆಳ್ಳಿಯಂಥ ಬಿಳುಪು. ನೀಲಿಯಾಗಿ ಕಾಣಿಸುವುದು ಸುತ್ತಲಿನ ರಾತ್ರಿ. ಚಿತ್ರದ ಬಣ್ಣ ಎತ್ತಿ ತೋರಿಸುವ ಐಡ್ರಾಪರ್ ಇಟ್ಟು ನೋಡಿದರೆ ತಿಳಿಯುತ್ತದೆ, ಕಣ್ಣನ್ನು ನಂಬಿದರೆ ತಿಳಿಯುವುದಿಲ್ಲ. ಇದರಿಂದಲೇ ಅವಳನ್ನು ಕತ್ತರಿಸಿ ಬೆಳಗಿನ ಬಿಸಿಲಿನ ಹಿನ್ನೆಲೆಯಲ್ಲಿ ಇಟ್ಟಾಗ ಅಂಚಿಗೆಲ್ಲ ನೀಲಿ ನೂಲು ಸುತ್ತಿದಂತೆ ಕಾಣುತ್ತದೆ. ವಿಡಿಯೋ ಫೈಲುಗಳಲ್ಲಿ ಬೆಳಕಿಗಿಂತ ಬಣ್ಣದ ವಿವರವನ್ನು ಕಡಿಮೆ ಇಟ್ಟಿರುತ್ತಾರೆ, ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣ. ಅದಕ್ಕೇ ಹಳೆಯ ಹಿನ್ನೆಲೆಯ ಬಣ್ಣ ಗೆರೆ ದಾಟಿ ಒಳಗೆ ಸೋರಿರುತ್ತದೆ. ಕತ್ತರಿಸಲು ಗುರುತು ಮಾಡಿದ ಸೆಲೆಕ್ಷನ್ನನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ಸರಿಸಿ, ಬಣ್ಣ ಆಕಾರದ ಹೊರಗೆ ಹೋಗದಂತೆ ತಡೆಯುವ ಕ್ಲಿಪ್ಪಿಂಗ್ ಮಾಸ್ಕ್ ಹಾಕಿ, ಅಂಚನ್ನು ಮತ್ತೆ ಬರೆಯುತ್ತೇನೆ. ನೆರಳಿಗೆ ಕೆಳಗಿನ ಬಣ್ಣವನ್ನು ಗಾಢ ಮಾಡುವ ಪದರ, ಮಲ್ಟಿಪ್ಲೈ ಲೇಯರ್, ಒಂದು ಸಾಕು. ತುಂಬಾ ಜನ ಕೆನ್ನೆ, ಮೂಗು, ಕತ್ತಿಗೆಲ್ಲ ಏರ್‌ಬ್ರಷ್ ಉಜ್ಜಿ ಪ್ಲಾಸ್ಟಿಕ್ ಮಾಡಿಬಿಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಸಪಾಟು ಬಣ್ಣದಲ್ಲೇ ಅವಳ ಜೀವ ಇರುವುದು.

ಇದೆಲ್ಲ ಫೋಟೋಶಾಪ್ ಇಲ್ಲದೆಯೂ ಆಗುತ್ತದೆ. ಕ್ರಿತಾ, ಗಿಂಪ್ ಎರಡೂ ಉಚಿತ.

ಕೆಲವರು ಇದರ ಬೆನ್ನಿಗೇ ಇನ್ನೊಂದು ಕೇಳುತ್ತಾರೆ, ಪ್ರಿಂಟ್ ಹಾಕಿ ಮಾರಬಹುದಲ್ಲ ಎಂದು. ಮಾರುವುದಿಲ್ಲ. ಫ್ರೆಂಚ್ ಲೇಖಕ ಶಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕತೆ ಎಲ್ಲರ ಸೊತ್ತು, ಯಾರು ಬೇಕಾದರೂ ತಮ್ಮದೇ ಸಿಂಡರೆಲ್ಲಾಳನ್ನು ಬಿಡಿಸಿ ಮಾರಲಿ. 1950ರ ಈ ಮುಖ, ಈ ಗೌನು ಹಾಗಲ್ಲ. ಅಮೆರಿಕದ ಕಾನೂನಿನಲ್ಲಿ ಆ ಕಾಲದ ಚಿತ್ರಗಳಿಗೆ ಹಕ್ಕು 95 ವರ್ಷ. ದುಡ್ಡು ಮುಟ್ಟದಿದ್ದರೆ ಎಲ್ಲ ಮಾಫಿ ಎಂದೇನೂ ಇಲ್ಲ, ಅದು ನನಗೆ ಗೊತ್ತು. ಕೊನೇಪಕ್ಷ ಪ್ರತಿ ಚಿತ್ರದ ಕೆಳಗೆ ಸಿನಿಮಾದ ಹೆಸರು, ವರ್ಷ, 'ಎಡಿಟ್' ಎಂಬ ಪದ ಮೂರನ್ನೂ ಬರೆಯುತ್ತೇನೆ. ಬೇರೊಬ್ಬ ಅಭಿಮಾನಿಯ ಎಡಿಟ್ ಎತ್ತಿಕೊಂಡು ಸಹಿ ಅಳಿಸುವವರನ್ನು ಕಂಡರೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಬೆನ್ನೇನೋ ಸರಿಯಾಯಿತು. ಅವನು ಹಿಡಿದಿದ್ದ ಬಲಗೈ ಉಳಿದಿತ್ತು. ಬೆರಳುಗಳು ಅವನ ಮುಷ್ಟಿಯಲ್ಲಿ ಮುಚ್ಚಿಹೋಗಿದ್ದವು. ಅದೇ ಸಿನಿಮಾದ ಬೇರೆ ಫ್ರೇಮುಗಳಲ್ಲಿ ಅವಳ ಕೈಗವಸು ನೋಡಿ ನೋಡಿ ಬೆರಳುಗಳನ್ನು ಬಿಡಿಸಿದೆ. ಖಾಲಿ ಕೈ ಗಾಳಿಯಲ್ಲಿ ನಿಂತಿತಲ್ಲ ಎಂದು ಅದಕ್ಕೊಂದು ಲಾಟೀನು ಕೊಟ್ಟು ನೋಡಿದೆ, ಹಕ್ಕಿ ಕೂರಿಸಿ ನೋಡಿದೆ, ಪುಸ್ತಕವನ್ನೂ ಹಿಡಿಸಿದೆ. ಆ ಮೂರು ಲೇಯರ್‌ಗಳನ್ನೂ ಮರೆಮಾಡಿದಾಗ ಅವಳು ಕುಣಿಯುತ್ತಿದ್ದಳು. ಹಾಗೇ ಸೇವ್ ಮಾಡಿದೆ.