ಕಿರೀಟದ ಮೇಲೆ ತಾರೀಕು

ಕಾಸರಗೋಡಿನ ನಮ್ಮ ಬದಿಯಡ್ಕ ಕಡೆ ಒಬ್ಬನಿಗೆ ಫೋಟೋಶಾಪ್ ಸ್ವಲ್ಪ ಬರುತ್ತದೆ ಅಂತ ಗೊತ್ತಾದರೆ ಮುಗಿಯಿತು. ಆಟ (ನಮ್ಮಲ್ಲಿ ಆಟ ಅಂದರೆ ಯಕ್ಷಗಾನ), ತಾಳಮದ್ದಳೆ, ಬ್ರಹ್ಮಕಲಶ, ಉಪನಯನ ಎಲ್ಲದರ ಪೋಸ್ಟರೂ ಅವನ ತಲೆಗೇ. ಸಂಬಳ ಒಂದು ಗ್ಲಾಸು ಚಾ, ಆಟದ ದಿನ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ.

ನನ್ನ ಮೊದಲ ಪೋಸ್ಟರಿಗೆ ಒಂದು ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಫೋಟೋ ಸಿಕ್ಕಿತ್ತು. ಮುಖ, ಕಿರೀಟ ಎರಡೇ ಫ್ರೇಮ್ ತುಂಬ. ಅದರ ಮೇಲೆ ಹಳದಿ ಅಕ್ಷರ, ಅದಕ್ಕೆ ಕೆಂಪು ಅಂಚು, ಅಂಚಿನ ಸುತ್ತ ಬಿಳಿ ಹೊಳಪು. ಭಾವನಿಗೆ ತೋರಿಸಿದೆ. ಒಂದು ನಿಮಿಷ ನೋಡಿ, "ಫೋಟೋ ಲಾಯ್ಕುಂಟು. ಆಟ ಯಾವತ್ತು ಮಾರಾಯ?" ಅಂದರು. ತಾರೀಕು ಕಿರೀಟದ ಮೇಲೇ ಇತ್ತು!

ಬಣ್ಣ ಬದಲಿಸಿದೆ, ಅಕ್ಷರ ದಪ್ಪ ಮಾಡಿದೆ, ಏನೂ ಆಗಲಿಲ್ಲ. ಆಮೇಲೆ ಅರ್ಥವಾಯಿತು, ತೊಂದರೆ ಬಣ್ಣದ್ದಲ್ಲ. ಅಕ್ಷರದ ಗೆರೆ ಎಷ್ಟು ದಪ್ಪವೋ ಅಷ್ಟೇ ದಪ್ಪದ ಚುಕ್ಕಿ, ಗೆರೆ, ಹೊಳಪು ಹಿಂದೆಯೂ ಇದ್ದರೆ ಕಣ್ಣಿಗೆ ಯಾವುದು ಅಕ್ಷರ, ಯಾವುದು ಚಿತ್ರ ಅಂತ ತಿಳಿಯುವುದಿಲ್ಲ. ಮುಖದ ಮೇಲೆ ಬಿಳಿ ಚುಕ್ಕಿಗಳ ಚುಟ್ಟಿ, ಕಿರೀಟದ ಮೇಲೆ ಹೊಳೆಯುವ ಬೇಗಡೆ, ಎಲ್ಲ ಅಕ್ಷರದಷ್ಟೇ ಸಣ್ಣ ಸಣ್ಣ. ಅಲ್ಲಿ ಬರೆಯುವುದೂ ಒಂದೇ, ಬರೆಯದಿರುವುದೂ ಒಂದೇ.

ಅಂದಿನಿಂದ ನಾನು ಫೋಟೋ ತೆರೆದ ಕೂಡಲೇ ನೋಡುವುದು ಖಾಲಿ ಜಾಗ ಎಲ್ಲುಂಟು ಅಂತ. ಬೇಕಲ ಕೋಟೆಯ ಫೋಟೋ ಆದರೆ ಆಕಾಶ ಬೇಕಾದಷ್ಟಿದೆ, ತಲೆಬಿಸಿ ಇಲ್ಲ. ರಾತ್ರಿಯ ಆಟದ ಫೋಟೋದಲ್ಲಿ ಹಿಂದೆ ಕತ್ತಲೆ ಇದ್ದರೆ ಇನ್ನೂ ಸುಲಭ. ಕ್ಯಾನ್ವಾಸನ್ನು ಮೇಲಕ್ಕೆ ಎಳೆದು, ಐಡ್ರಾಪರ್‌ನಿಂದ ಅದೇ ಕತ್ತಲೆ ಬಣ್ಣ ತೆಗೆದು ತುಂಬಿಸಿ, ಸೇರುವ ಗೆರೆಯನ್ನು ಮೆತ್ತನೆಯ ಬ್ರಶ್‌ನಿಂದ ಅಳಿಸಿಬಿಡಿ. ಜಾಗ ನಾವೇ ಮಾಡಿಕೊಂಡದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಅದೂ ಆಗದಿದ್ದರೆ ಗ್ರೇಡಿಯೆಂಟ್. ಕೆಳಗಿನಿಂದ ಗಾಢ ಬಣ್ಣ ಹೊರಟು ಅರ್ಧದಲ್ಲಿ ಮಾಯವಾಗಬೇಕು, ಬ್ಲೆಂಡ್ ಮೋಡ್ ಮಲ್ಟಿಪ್ಲೈ, ಅಂದರೆ ಕೆಳಗಿನ ಚಿತ್ರದ ಜೊತೆ ಬೆರೆತು ಅದನ್ನು ಗಾಢ ಮಾಡುವಂಥದ್ದು. ಎಲ್ಲರೂ ಇಲ್ಲಿ ಕಪ್ಪು ಹಾಕುತ್ತಾರೆ, ನನಗೆ ಅದು ಮಸಿ ಬಳಿದ ಹಾಗೆ ಕಾಣುತ್ತದೆ. ವೇಷದ ಬಟ್ಟೆಯಲ್ಲೇ ಇರುವ ಗಾಢ ಕೆಂಪನ್ನು ತೆಗೆದುಕೊಂಡು ಇನ್ನಷ್ಟು ಕಪ್ಪಾಗಿಸಿ ಹಾಕಿ ನೋಡಿ, ಚಿತ್ರದ ನೆರಳೇ ಅನಿಸುತ್ತದೆ. ಅದರ ಮೇಲೆ ಬಿಳಿ ಅಕ್ಷರ ಸಾಕು.

ನಮ್ಮ ಫ್ಲೆಕ್ಸ್‌ಗಳ ಪ್ರೀತಿಯ ಜೋಡಿ ಹಳದಿ–ಕೆಂಪು ಇದೆಯಲ್ಲ, ಅದರ ಕಾಂಟ್ರಾಸ್ಟ್, ಅಂದರೆ ಎರಡರ ಹೊಳಪಿನ ಅಂತರ, ಸುಮಾರು 3.7ಕ್ಕೆ 1. ವೆಬ್‌ಪುಟಗಳಿಗೆ ಇಟ್ಟಿರುವ ಅಳತೆಯಲ್ಲಿ ಸಣ್ಣ ಅಕ್ಷರಕ್ಕೆ 4.5 ಬೇಕು, ದೊಡ್ಡದಕ್ಕೆ 3 ಸಾಕು. ಹಾಗಾಗಿ ಪ್ರಸಂಗದ ಹೆಸರಿಗೆ ನಡೆಯುತ್ತದೆ, ಹಿಮ್ಮೇಳ–ಮುಮ್ಮೇಳದ ಕಲಾವಿದರ ಸಣ್ಣ ಅಕ್ಷರದ ಹೆಸರುಗಳಿಗೆ ಬೇಡ.

ಈಗ ಎಲ್ಲರಿಗೂ ಹುಚ್ಚು ಹಿಡಿಸಿರುವುದು ಅಕ್ಷರವನ್ನು ವೇಷದ ಹಿಂದೆ ಅಡಗಿಸುವ ಆಟ. ಮಾಡುವುದು ಸುಲಭ. ಫೋಟೋದ ಲೇಯರ್ ಇನ್ನೊಂದು ಪ್ರತಿ ಮಾಡಿ, ಮೇಲಿನದರಲ್ಲಿ ವೇಷ ಮಾತ್ರ ಉಳಿಯುವ ಹಾಗೆ ಮಾಸ್ಕ್ ಹಾಕಿ, ಎರಡರ ನಡುವೆ ಅಕ್ಷರದ ಲೇಯರ್ ತೂರಿಸಿದರೆ ಆಯಿತು. ಆದರೆ ಇಂಗ್ಲಿಷ್ ನೋಡಿ ಕಲಿತವರು ಕನ್ನಡದಲ್ಲಿ ಎಡವುವುದು ಇಲ್ಲೇ. ಇಂಗ್ಲಿಷಿನಲ್ಲಿ ಅರ್ಧ ಅಕ್ಷರ ಮುಚ್ಚಿದರೂ ಊಹಿಸಿ ಓದಬಹುದು. ನಮ್ಮಲ್ಲಿ ಕೆಳಗಿನ ಒಂದು ಒತ್ತು ಭುಜದ ಹಿಂದೆ ಹೋದರೆ ಕತ್ತೆ ಹೋಗಿ ಕತೆ ಆಗುತ್ತದೆ. ಅಕ್ಷರದ ಹೊಟ್ಟೆ ಬೇಕಾದರೆ ಮುಚ್ಚಿ, ಒತ್ತು, ಗುಡಿಸು, ಕೊಂಬು ಮುಚ್ಚಬೇಡಿ.

ಒತ್ತಿನದ್ದೇ ಇನ್ನೊಂದು ಕಾಟ ಸಾಲುಗಳ ನಡುವಿನ ಅಂತರ. ಫೋಟೋಶಾಪ್ ತಾನಾಗಿ ಕೊಡುವುದು ಅಕ್ಷರದ ಅಳತೆಯ 120 ಶೇಕಡಾ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಹಾಯುತ್ತದೆ. ನಾನು 140ರ ಆಸುಪಾಸು ಇಡುತ್ತೇನೆ, ಹಿಂದೆ ಫೋಟೋ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಅಕ್ಷರ ಬಿಡಿಬಿಡಿಯಾಗಿ ಒಡೆದು ಬಂದರೆ ಫಾಂಟನ್ನು ಬಯ್ಯುವ ಮೊದಲು ಟೈಪ್ ಸೆಟ್ಟಿಂಗ್‌ನಲ್ಲಿ ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಲೇಔಟ್ ಆಯ್ಕೆ ಮಾಡಿದ್ದೀರಾ ನೋಡಿ.

ಕಾಸರಗೋಡಿನವರಿಗೆ ಮಲಯಾಳವೂ ಬೇಕಲ್ವಾ. ಎರಡು ಲಿಪಿ ಒಂದೇ ಚಿತ್ರದ ಮೇಲೆ ಕೂರಿಸುವಾಗ ಸುಮ್ನೆ ಸಿಕ್ಕಿದ ಫಾಂಟ್ ಹಾಕಿದರೆ ಎರಡು ಬೇರೆ ಬೇರೆ ಪೋಸ್ಟರ್ ಅಂಟಿಸಿದ ಹಾಗಿರುತ್ತದೆ. ಎರಡಕ್ಕೂ ಒಂದೇ ಕುಟುಂಬದ ಫಾಂಟ್ ಹುಡುಕಿ. ಅನೇಕ್ ಅಂತ ಒಂದಿದೆ, ಕನ್ನಡಕ್ಕೂ ಮಲಯಾಳಕ್ಕೂ ಸಿಗುತ್ತದೆ, ದಪ್ಪವನ್ನೂ ಅಗಲವನ್ನೂ ಬೇಕಾದ ಹಾಗೆ ಹೊಂದಿಸಬಹುದು. ಮಲಯಾಳದ ಸಾಲು ಅಡ್ಡಕ್ಕೆ ಉದ್ದ ಹೋಗುವುದರಿಂದ ಅದನ್ನು ಸ್ವಲ್ಪ ಕಿರಿದು ಮಾಡಿದರೆ ಎರಡೂ ಸರಿಯಾಗುತ್ತವೆ. ಬಾಲೂ ಕೂಡ ಒಳ್ಳೆಯದು. ಅದರಲ್ಲಿ ಕನ್ನಡದ್ದು ಬಾಲೂ ತಮ್ಮ, ಮಲಯಾಳದ್ದು ಬಾಲೂ ಚೇಟ್ಟನ್, ಅಂದರೆ ಅಣ್ಣ. ಅಣ್ಣ ಯಾರು, ತಮ್ಮ ಯಾರು ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ, ನಾನು ಆ ಚರ್ಚೆಗೆ ಬರುವುದಿಲ್ಲ.

ಪ್ರಿಂಟಿಗೆ ಕೊಡುವುದಾದರೆ ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣದ ಲೆಕ್ಕ), ಸಣ್ಣ ಕಾಗದಕ್ಕೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಸುತ್ತ ಕತ್ತರಿಸಿ ಹೋಗಲು 3 ಮಿಲಿಮೀಟರ್ ಹೆಚ್ಚುವರಿ ಅಂಚು, ಅಂದರೆ ಬ್ಲೀಡ್. ಇದು ಪ್ರೆಸ್ಸಿನವರೇ ಹೇಳುತ್ತಾರೆ. ಅವರು ಹೇಳದೇ ಇರುವುದು ಒಂದು: ಪೋಸ್ಟರ್ ಮುಗಿದ ಮೇಲೆ ಅದನ್ನು ನಿಮಗೇ ವಾಟ್ಸಾಪ್ ಮಾಡಿಕೊಂಡು, ತೆರೆಯದೆ, ಚಾಟಿನಲ್ಲಿ ಸಣ್ಣದಾಗಿ ಕಾಣುವಾಗಲೇ ತಾರೀಕು ಓದಲು ಆಗುತ್ತದಾ ನೋಡಿ. ನಾನು ಈಗ ನನಗೆ ಕಳಿಸಿಕೊಳ್ಳುವುದಿಲ್ಲ, ನೇರ ಭಾವನಿಗೇ ಕಳಿಸುತ್ತೇನೆ. ಮೊನ್ನೆಯದಕ್ಕೆ ಬಂದ ಉತ್ತರ, "ಶನಿವಾರ ಪುರುಸೊತ್ತಿಲ್ಲ."