ಘಟ್ಟದ ದಾರಿಗೆ ಫೋನೋ, ಕಾರಿನದೇ ಸ್ಕ್ರೀನೋ?

ಸಾಗರದಿಂದ ಸಿಗಂದೂರಿಗೆ ಹೊರಟ ಕೆಲವು ಕಾರುಗಳ ಮ್ಯಾಪಿನಲ್ಲಿ ರಸ್ತೆ ಇವತ್ತಿಗೂ ಅಂಬಾರಗೋಡ್ಲಿನ ದಡಕ್ಕೇ ಮುಗಿದುಹೋಗುತ್ತದೆ. ಎದುರಿಗೆ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಕಾಣುತ್ತಿರುತ್ತದೆ, ಸ್ಕ್ರೀನಿನಲ್ಲಿ ಮಾತ್ರ ಬರೀ ನೀಲಿ. ನೀವು ಸೇತುವೆ ಮೇಲೆ ಹೋಗುತ್ತಿದ್ದರೆ ಕಾರಿನ ಬಾಣದ ಗುರುತು ಶರಾವತಿ ಹಿನ್ನೀರಿನಲ್ಲಿ ಈಜಿಕೊಂಡು ಕಳಸವಳ್ಳಿ ಸೇರುತ್ತದೆ. ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈನಲ್ಲಿ, ಕಾರಿನೊಳಗಿನ ಮ್ಯಾಪು ಅದಕ್ಕೂ ಹಿಂದಿನದು. ಅದೇ ಕಾರಿಗೆ ಫೋನ್ ಸಿಕ್ಕಿಸಿ, ಫೋನಿನ ಮ್ಯಾಪನ್ನು ಕಾರಿನ ಸ್ಕ್ರೀನಿಗೆ ತರುವ ಆಂಡ್ರಾಯ್ಡ್ ಆಟೋನೋ ಆಪಲ್ ಕಾರ್‌ಪ್ಲೇನೋ ತೆರೆದರೆ ಸೇತುವೆ ಇರುತ್ತದೆ. ಕಾರು ಕಂಪನಿಯ ಮ್ಯಾಪನ್ನೂ ಹೊಸದು ಮಾಡಿಕೊಳ್ಳಬಹುದು, ಇಲ್ಲವೆಂದಲ್ಲ. ಆದರೆ ಪೆನ್ ಡ್ರೈವ್ ಹಿಡಿದು ಆ ಕೆಲಸ ಮಾಡುವವರು ಎಷ್ಟು ಜನ?

ಶಿವಮೊಗ್ಗದಲ್ಲಿ ಈ ಮಾತೆತ್ತಿದರೆ ಎರಡು ಪಕ್ಷ. ಬಾಡಿಗೆ ಗಾಡಿ ಓಡಿಸುವವರು ಹೆಚ್ಚಾಗಿ ಫೋನಿನ ಕಡೆ. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಲೊಕೇಶನ್ ಒತ್ತಿದರೆ ದಾರಿ ತೆರೆದುಕೊಳ್ಳಬೇಕು, ಅವರಿಗೆ ಅಷ್ಟು ಸಾಕು. ಹೊಸ ಕಾರು ಕೊಂಡವರಲ್ಲಿ ಹಲವರು ಇನ್ನೊಂದು ಕಡೆ: "ಆಗುಂಬೆ ಇಳಿಯುವಾಗ ಫೋನಿಗೆ ಟವರ್ರೇ ಇರಲ್ಲ ಮಾರಾಯ್ರೆ, ಆಗ ಕಾರಿನ ಮ್ಯಾಪೇ ಗತಿ." ಎರಡನೆಯ ಮಾತು ಅರ್ಧ ಸರಿ. ಆ ಅರ್ಧದಿಂದಲೇ ಬಹಳ ಜನ ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಜಿಪಿಎಸ್‌ಗೂ ಮೊಬೈಲ್ ಟವರಿಗೂ ಸಂಬಂಧವಿಲ್ಲ. ಫೋನು ತಾನೆಲ್ಲಿದ್ದೇನೆ ಎಂದು ತಿಳಿಯುವುದು ಉಪಗ್ರಹದಿಂದ. ಸಿಮ್ ತೆಗೆದಿಟ್ಟರೂ ಅದು ನಡೆಯುತ್ತದೆ. ಟವರ್ ಬೇಕಾಗುವುದು ಮ್ಯಾಪಿನ ಚಿತ್ರ ಇಳಿಸಿಕೊಳ್ಳಲು, ಜಾಗ ಹುಡುಕಲು, ಟ್ರಾಫಿಕ್ ತಿಳಿಯಲು, ಮೊದಲ ಸಲ ಜಾಗ ಹಿಡಿಯುವ ಹೊತ್ತನ್ನು ಕಡಿಮೆ ಮಾಡಲು. ಅಂದರೆ ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಘಟ್ಟದಲ್ಲಿ ಫೋನೂ ಒಂದೇ, ಕಾರಿನ ಸಿಸ್ಟಮ್ಮೂ ಒಂದೇ.

ಇಳಿಸಿಕೊಳ್ಳುವುದು ಎರಡು ನಿಮಿಷದ ಕೆಲಸ. ಗೂಗಲ್ ಮ್ಯಾಪ್ಸ್ ತೆರೆದು ಮೇಲಿನ ಮೂಲೆಯ ನಿಮ್ಮ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಜಾಗ ನೀವೇ ಆರಿಸಿಕೊಳ್ಳುವ ಆಯ್ಕೆ ಒತ್ತಿದರೆ ಒಂದು ಚೌಕಟ್ಟು ಬರುತ್ತದೆ. ಅದನ್ನು ಶಿವಮೊಗ್ಗ ಪೇಟೆಗಷ್ಟೇ ಇಡಬೇಡಿ. ಬೆರಳಿನಲ್ಲಿ ಹಿಗ್ಗಿಸಿ ಪಡುವಣಕ್ಕೆ ಕುಂದಾಪುರ, ಉಡುಪಿ, ಕೆಳಗೆ ಶೃಂಗೇರಿ, ಚಿಕ್ಕಮಗಳೂರು, ಮೇಲೆ ಸೊರಬ, ಶಿರಸಿ ಒಳಗೆ ಬರುವಂತೆ ಮಾಡಿ. ಒಂದೇ ಚೌಕಟ್ಟಿಗೆ ಹಿಡಿಯದಿದ್ದರೆ ಎರಡು ಮಾಡಿ. ಘಟ್ಟದ ಮೇಲಿನದು ಮಾತ್ರ ಇಳಿಸಿಕೊಂಡು ಸೋಮೇಶ್ವರದಲ್ಲಿ ಬೆಪ್ಪಾಗಿ ನಿಲ್ಲುವುದು ತೀರಾ ಸಾಮಾನ್ಯ. ಇಳಿಸಿದ ಮ್ಯಾಪಿಗೆ ಅವಧಿಯೂ ಇರುತ್ತದೆ. ತಾನಾಗಿ ಅಪ್‌ಡೇಟ್ ಆಗುವ ಆಯ್ಕೆಯನ್ನು ವೈಫೈ ಸಿಗುವ ಫೋನಿನಲ್ಲಿ ಹಾಕಿಟ್ಟರೆ ಚಿಂತೆಯಿಲ್ಲ. ಟವರ್ ಇಲ್ಲದಾಗ ಟ್ರಾಫಿಕ್ ಮತ್ತು ಬದಲಿ ದಾರಿ ತೋರುವುದಿಲ್ಲ. ದಾರಿ ತೋರುತ್ತದೆ.

ಆಫ್‌ಲೈನ್ ಇಳಿಸದೆ ಹೊರಟರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು, ಏಕೆಂದರೆ ಅದು ಮೊದಲಿಗೆ ಗೊತ್ತೇ ಆಗುವುದಿಲ್ಲ. ಹೊಸನಗರದಲ್ಲಿ ಟವರ್ ಇರುವಾಗ ಕುಂದಾಪುರಕ್ಕೆ ದಾರಿ ಹಾಕಿದರೆ ಆ ಹಾದಿಯುದ್ದದ ಪಟ್ಟಿಯಷ್ಟು ಮ್ಯಾಪು ಫೋನಿನಲ್ಲಿ ಉಳಿದಿರುತ್ತದೆ. ನಗರ (ಬಿದನೂರು), ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿಯುವವರೆಗೂ ಎಲ್ಲ ಸರಿಯಾಗೇ ಕಾಣುತ್ತದೆ. ನಡುವೆ ಒಂದು ಕವಲಿನಲ್ಲಿ ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋದಿರೋ, ಮುಗಿಯಿತು. ಹೊಸ ದಾರಿ ಲೆಕ್ಕ ಹಾಕಲು ಅದಕ್ಕೆ ಸುತ್ತಲಿನ ರಸ್ತೆಗಳ ಮಾಹಿತಿಯಿಲ್ಲ, ಚಕ್ರ ತಿರುಗುತ್ತಲೇ ಇರುತ್ತದೆ. ಆಗ ದಾರಿ ಅಳಿಸಿ ಮತ್ತೆ ಹಾಕಲು ಹೋಗಬೇಡಿ, ಇದ್ದದ್ದೂ ಹೋಗುತ್ತದೆ. ಗಾಡಿ ತಿರುಗಿಸಿ ಆ ಕವಲಿಗೇ ವಾಪಸು ಬಂದರೆ ಹಳೆಯ ಗೆರೆ ಮತ್ತೆ ಹಿಡಿಯುತ್ತದೆ.

ಇನ್ನು ಕಾರಿನಲ್ಲೇ ಇ-ಸಿಮ್ (ಒಳಗೇ ಕೂರಿಸಿದ ಸಿಮ್) ಇರುವ "ಕನೆಕ್ಟೆಡ್" ಸಿಸ್ಟಮ್‌ಗಳು. ಅವು ಕೂಡ ಯಾವುದೋ ಮೊಬೈಲ್ ಕಂಪನಿಯ ಟವರನ್ನೇ ನಂಬಿಕೊಂಡಿವೆ. ಕಾರಿನ ಇ-ಸಿಮ್ ಯಾವ ಕಂಪನಿಯದು ಎಂಬುದು ನಿಮ್ಮ ಕೈಯಲ್ಲಿಲ್ಲ. ಫೋನಿನಲ್ಲಾದರೆ ಎರಡು ಸಿಮ್ ಹಾಕಬಹುದು. ಒಳಗಿನ ಹಳ್ಳಿಗಳಲ್ಲಿ ಬೇರೆಲ್ಲ ಸತ್ತಿದ್ದರೂ ಬಿಎಸ್‌ಎನ್‌ಎಲ್ ಒಂದು ಕಡ್ಡಿ ತೋರುವ ಜಾಗಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಇನ್ನೊಂದು, ಕಾರು ಹತ್ತು ಹದಿನೈದು ವರ್ಷ ಓಡುತ್ತದೆ, ಅದನ್ನು ಟವರಿಗೆ ಜೋಡಿಸುವ ಒಳಗಿನ ಮೋಡೆಮ್ ಅಷ್ಟು ಕಾಲ ಬದುಕುವುದಿಲ್ಲ. ಅಮೆರಿಕದಲ್ಲಿ 2022ರಲ್ಲಿ 3ಜಿ ನಿಲ್ಲಿಸಿದಾಗ ಹಳೆಯ ಕಾರುಗಳ ಆನ್‌ಲೈನ್ ಸೌಲಭ್ಯಗಳು ಒಟ್ಟೊಟ್ಟಿಗೆ ಕಣ್ಣುಮುಚ್ಚಿದವು. ಫೋನು ಹಳತಾದರೆ ಫೋನು ಬದಲಿಸಬಹುದು, ಡ್ಯಾಶ್‌ಬೋರ್ಡ್ ಬದಲಿಸಲಾಗುತ್ತದೆಯೇ? ಇಷ್ಟಿದ್ದೂ ಜನರಲ್ ಮೋಟರ್ಸ್ ತನ್ನ ಮುಂದಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಎರಡೂ ಇರುವುದಿಲ್ಲ ಎಂದು 2023ರಲ್ಲಿ ಹೇಳಿತು. ಟೆಸ್ಲಾ ಮೊದಲಿನಿಂದಲೂ ಕೊಡದೇ ಬಂದದ್ದು. ಗಿರಾಕಿ ತಮ್ಮ ಸ್ಕ್ರೀನಿನಲ್ಲೇ ಇರಲಿ, ಚಂದಾ ತಮಗೇ ಕಟ್ಟಲಿ ಎಂಬ ಲೆಕ್ಕ ಇದರ ಹಿಂದೆ ಇಲ್ಲವೆಂದರೆ ನಂಬುವುದು ಕಷ್ಟ.

ಹೆಸರು ಹುಡುಕುವುದರಲ್ಲಿ ಫೋನು ಮುಂದಿದೆ, ಆದರೂ ಎಚ್ಚರ ಬೇಕು. ಬಿದನೂರು ಕೋಟೆಯ ನಗರಕ್ಕೆ ಹೋಗಬೇಕೆಂದು ಬರೀ "ನಗರ" ಎಂದರೆ ರಾಜ್ಯದ ಅರ್ಧ ಬಡಾವಣೆಗಳು ಎದ್ದು ಬರುತ್ತವೆ. "ನಗರ, ಹೊಸನಗರ ತಾಲ್ಲೂಕು" ಎಂದು ಟೈಪಿಸಿ. ತೋಟದ ಮನೆಗಳಿಗಂತೂ ವಿಳಾಸದಿಂದ ಪ್ರಯೋಜನವಿಲ್ಲ. ಮನೆಯವರು ಮ್ಯಾಪಿನಲ್ಲಿ ಅಂಗಳದ ಮೇಲೆ ಬೆರಳು ಒತ್ತಿ ಹಿಡಿದು ಪಿನ್ ಹಾಕಿ ಕಳಿಸಬೇಕು, ನೀವು ಅದನ್ನು ಸೇವ್ ಮಾಡಿಕೊಳ್ಳಬೇಕು. ಪಿನ್ನನ್ನು ಅಡಿಕೆ ತೋಟದ ನಡುವೆ ಹಾಕಿದರೆ ಮ್ಯಾಪು ಹತ್ತಿರದ ರಸ್ತೆ ಯಾವುದೋ ಅಲ್ಲಿಗೆ ಕರೆದೊಯ್ಯುತ್ತದೆ. ಆ ರಸ್ತೆ ಹಳ್ಳದ ಆಚೆಗಿದ್ದರೆ ಕಾಲುಸಂಕದ ಮುಂದೆ ಗಾಡಿ ನಿಲ್ಲಿಸಿ ನಡೆಯಬೇಕಾದೀತು. ಹೋಲ್ಡರಿನಲ್ಲಿ ಫೋನಿಟ್ಟು ಓಡಿಸುವವರು ವಾಹನದ ಗುರುತು ಬೈಕಿನದಲ್ಲ, ಕಾರಿನದು ಎಂದು ನೋಡಿಕೊಂಡೇ ಹೊರಡಿ. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೇ ದಾರಿ ಹೇಳುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಧ್ವನಿಯ ಭಾಷೆ ಬದಲಿಸಿದರಾಯಿತು. ಇಂಗ್ಲಿಷ್ ಧ್ವನಿ "ಕೋಣಂದೂರು" ಅನ್ನುವುದನ್ನು ಒಮ್ಮೆ ಕೇಳಿದವರು ಬದಲಿಸದೇ ಇರಲಾರರು.

ವೈರೋ, ವೈರ್‌ಲೆಸ್ಸೋ? ಘಟ್ಟದ ಪ್ರಯಾಣಕ್ಕೆ ವೈರು. ವೈರ್‌ಲೆಸ್ ಅಂದರೆ ಮೊದಲು ಬ್ಲೂಟೂತ್ ಕೈಕುಲುಕಿ, ಆಮೇಲೆ ಚಿತ್ರವೆಲ್ಲ ವೈಫೈಯಲ್ಲಿ ಹೋಗುತ್ತದೆ. ವೈಫೈ, ಜಿಪಿಎಸ್ ಒಟ್ಟಿಗೆ ಓಡುತ್ತಾ, ಫೋನು ಇಲ್ಲದ ಟವರನ್ನೂ ಹುಡುಕುತ್ತಾ ಬ್ಯಾಟರಿ ಬೇಗ ಇಳಿಯುತ್ತದೆ, ಫೋನು ಬಿಸಿಯಾಗುತ್ತದೆ. ಐಫೋನನ್ನು 35 ಡಿಗ್ರಿಯೊಳಗೆ ಬಳಸಿ ಎಂದು ಆಪಲ್ ಹೇಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಜಿನ ಕೆಳಗಿನ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ಮೀರುತ್ತದೆ. ಫೋನಿನಲ್ಲಿ ವಿಪಿಎನ್ ಆನ್ ಇದ್ದರೂ ವೈರ್‌ಲೆಸ್ ಹಟ ಹಿಡಿಯುವುದುಂಟು.

ವೈರಿನಲ್ಲಿ ಕೈಕೊಡುವುದು ಬಹುಪಾಲು ಕೇಬಲ್ಲೇ. ಯುಎಸ್‌ಬಿ ಕೇಬಲ್ಲಿನಲ್ಲಿ ಕರೆಂಟಿಗೆ ಎರಡು, ಡೇಟಾಕ್ಕೆ ಎರಡು ಎಳೆ ಇರಬೇಕು. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಅಗ್ಗದ ಕೆಲವದರಲ್ಲಿ ಕರೆಂಟಿನ ಎಳೆ ಮಾತ್ರ ಇರುತ್ತದೆ. ಫೋನು ಚಾರ್ಜ್ ಆಗುತ್ತದೆ, ಸ್ಕ್ರೀನಿಗೆ ಏನೂ ಬರುವುದಿಲ್ಲ, ಜನ ಕಾರನ್ನು ಬೈಯುತ್ತಾರೆ. ಒಂದು ಮೀಟರಿಗಿಂತ ಗಿಡ್ಡನೆಯ, ದಪ್ಪ ಕೇಬಲ್ ತನ್ನಿ. ಕಾರಿನ ಎರಡು ಪೋರ್ಟುಗಳಲ್ಲಿ ಒಂದು ಚಾರ್ಜಿಗಷ್ಟೇ ಇರಬಹುದು, ಫೋನಿನ ಅಥವಾ ಯುಎಸ್‌ಬಿಯ ಗುರುತಿರುವುದಕ್ಕೆ ಸಿಕ್ಕಿಸಿ. ಗುಂಡಿಗೆ ಬಂದಾಗಲೆಲ್ಲ ಸಂಪರ್ಕ ತಪ್ಪಿ ಮತ್ತೆ ಬರುತ್ತಿದ್ದರೆ ಫೋನಿನ ತೂತಿಗೆ ಟಾರ್ಚ್ ಹಿಡಿದು ನೋಡಿ. ಜೇಬಿನ ನೂಲು, ಕೆಮ್ಮಣ್ಣಿನ ಧೂಳು ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ, ಪಿನ್ನು ಸೂಜಿ ಬೇಡ. ಅದಾದ ಮೇಲೂ ಸರಿಹೋಗದಿದ್ದರೆ ಫೋನಿನಲ್ಲಿ ಕಾರಿನ ಹೆಸರು, ಕಾರಿನಲ್ಲಿ ಫೋನಿನ ಹೆಸರು ಎರಡೂ ಅಳಿಸಿ ಹೊಸದಾಗಿ ಜೋಡಿಸಿ. ಒಂದು ಕಡೆ ಮಾತ್ರ ಅಳಿಸಿದರೆ ಅದೇ ರಗಳೆ. ಆಂಡ್ರಾಯ್ಡ್ ಫೋನಾದರೆ ಬ್ಯಾಟರಿ ಉಳಿಸುವ ಪಟ್ಟಿಯಿಂದ ಆಂಡ್ರಾಯ್ಡ್ ಆಟೋವನ್ನು ಹೊರಗಿಡಿ.

ಮಳೆಗಾಲದ ಕಾಟ ಬೇರೆಯೇ. ಒದ್ದೆ ಕೈಯಲ್ಲಿ ಕೇಬಲ್ ಸಿಕ್ಕಿಸಿದರೆ "ಪೋರ್ಟಿನಲ್ಲಿ ತೇವ ಇದೆ" ಎಂದು ಕೆಲವು ಫೋನುಗಳು ಚಾರ್ಜನ್ನೇ ನಿಲ್ಲಿಸುತ್ತವೆ. ಅದು ಕೆಟ್ಟದ್ದಲ್ಲ, ಒಳಗಿನ ಪಿನ್ನು ಕಿಲುಬು ಹಿಡಿಯದಿರಲೆಂದು ಮಾಡಿರುವುದು. ತೂತು ಕೆಳಮುಖ ಮಾಡಿ ಕೈಗೆ ತಟ್ಟಿ, ಗಾಳಿಗೆ ಇಡಿ. ಬಾಯಲ್ಲಿ ಊದಿದರೆ ಇನ್ನಷ್ಟು ತೇವ ಒಳಗೆ ಹೋಗುತ್ತದೆ. ಕೇಬಲ್ಲಿನ ತುದಿಯನ್ನೂ ಒರೆಸಬೇಕು, ಅದನ್ನೇ ಎಲ್ಲರೂ ಮರೆಯುವುದು.

ಇಲ್ಲಿಯವರೆಗೆ ಫೋನಿನ ಪರ. ಆದರೆ ಆಗುಂಬೆಯ 14 ತಿರುವುಗಳಲ್ಲಿ ಕಾರು ತಾನೇ ಮಾಡಬೇಕಾದ ಕೆಲಸವೊಂದಿದೆ, ಗಾಜಿನ ಮಬ್ಬು ತೆಗೆಯುವುದು. ಮಳೆಗೆ ಗಾಜು ತಣ್ಣಗಾಗಿರುತ್ತದೆ, ಒಳಗೆ ನಾಲ್ಕು ಜನರ ಉಸಿರು, ಒದ್ದೆ ಬಟ್ಟೆ, ಕೊಡೆ. ನೋಡನೋಡುತ್ತಲೇ ಎದುರಿನ ಗಾಜು ಬೆಳ್ಳಗಾಗುತ್ತದೆ. ಆಗ ಎಸಿ ಆನ್, ಗಾಳಿ ಗಾಜಿನ ಕಡೆಗೆ, ಫ್ಯಾನ್ ಜೋರು, ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಆಫ್, ಬಿಸಿ ಸ್ವಲ್ಪ ಹೆಚ್ಚು. ಬೆರಳಿನಿಂದ ಒಳಗಡೆ ಉಜ್ಜಿದಾಗ ಗೆರೆ ಮೂಡದಿದ್ದರೆ ಮಬ್ಬು ಹೊರಗಡೆಯದು, ಎಸಿ ಗಾಜನ್ನು ತೀರಾ ತಣ್ಣಗೆ ಮಾಡಿದ್ದರಿಂದ ಬಂದದ್ದು. ಅದಕ್ಕೆ ವೈಪರ್ ಹಾಕಿ, ತಣ್ಣನೆ ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಬೇಕು. ಇವೆಲ್ಲ ಗುಂಡಿಗಳಾಗಿದ್ದರೆ ಕೈ ತಡವಿದರೆ ಸಾಕು. ಸ್ಕ್ರೀನಿನೊಳಗಿದ್ದರೆ ಮ್ಯಾಪಿನಿಂದ ಹೊರಬಂದು, ಹೋಮ್ ಒತ್ತಿ, ಎಸಿ ಪುಟ ತೆರೆದು, ಚಿತ್ರ ಹುಡುಕಿ ಮುಟ್ಟಬೇಕು. ಮೂರು ಸೆಕೆಂಡ್ ಎಂದಿಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲೂ ಅಷ್ಟರೊಳಗೆ ಗಾಡಿ ಸುಮಾರು 17 ಮೀಟರ್ ಹೋಗಿರುತ್ತದೆ, ಹಿಮ್ಮುರಿ ತಿರುವಿನಲ್ಲಿ ಎದುರಿನ ಬಸ್ಸು ಅಷ್ಟೂ ದೂರ ಇರುವುದಿಲ್ಲ. ಹಾಗಾಗಿ ಕಾರು ಕೊಳ್ಳುವಾಗ ಸ್ಕ್ರೀನಿನ ಇಂಚು ಕೇಳುವ ಮೊದಲು ಮುಂದಿನ ಗಾಜಿನ ಡಿಫಾಗರ್‌ಗೆ ಬೇರೆ ಗುಂಡಿ ಇದೆಯೇ ನೋಡಿ. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಜಾರ್ಡ್, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕೆ ಗುಂಡಿ ಅಥವಾ ಕಡ್ಡಿ ಇದ್ದರೇ ಪೂರ್ತಿ ಅಂಕ ಎಂದಿದೆ. ಡಿಫಾಗರ್ ಆ ಪಟ್ಟಿಯಲ್ಲಿಲ್ಲ. ಪಟ್ಟಿ ಮಾಡಿದವರು ಆಷಾಢದಲ್ಲಿ ಆಗುಂಬೆ ಇಳಿದಿಲ್ಲ ಅಂತ ಕಾಣುತ್ತದೆ.

ರೇಡಿಯೋ ಕೂಡ ಕಾರಿನದೇ ಒಳ್ಳೆಯದು. ಎಫ್‌ಎಂ ಗುಡ್ಡದ ಮರೆಗೆ ಬಂದರೆ ಕೊರಕೊರ ಅನ್ನುತ್ತದೆ, ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗ (ಎಎಂ) ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೆ ಹೊಸ ಕಾರುಗಳಲ್ಲಿ ಎಎಂ ಇದೆಯೇ ಎಂದು ಕೇಳಿಯೇ ಕೊಳ್ಳಬೇಕಾದ ಕಾಲ ಇದು.

ಹಳೆಯ ಕಾರಿಗೆ ಹೊರಗಿನ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸುವವರಿಗೆ ಒಂದೆರಡು ಮಾತು. ವೈರು ಕತ್ತರಿಸದೆ, ನಿಮ್ಮ ಮಾಡೆಲ್ಲಿನ ಕಪ್ಲರ್ (ವೈರು ಜೋಡಿಸುವ ಪ್ಲಗ್ಗು) ಹಾಕಿಯೇ ಕೂರಿಸಲು ಹೇಳಿ. ಈ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಬ್ಯಾಟರಿಯ ನೇರ 12 ವೋಲ್ಟು, ಕೆಂಪು ಕೀಲಿ ತಿರುಗಿಸಿದಾಗ ಬರುವುದು, ಕಪ್ಪು ಅರ್ಥಿಂಗ್. ಪ್ರತಿ ಸಲ ಕೀಲಿ ತೆಗೆದಾಗಲೂ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗುತ್ತಿದ್ದರೆ ಹಳದಿಗೆ ನೇರ ಕರೆಂಟು ಬರುತ್ತಿಲ್ಲ. ವಾರ ನಿಲ್ಲಿಸಿದ ಗಾಡಿ ಸ್ಟಾರ್ಟೇ ಆಗದಿದ್ದರೆ ಕೆಂಪನ್ನೂ ನೇರ ಬ್ಯಾಟರಿಗೆ ಕೊಟ್ಟಿದ್ದಾರೆಯೇ ನೋಡಿಸಿ. ಎಲೆಕ್ಟ್ರಿಷಿಯನ್ ಹತ್ತಿರ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಅದರ ವೈರಿಗೂ ನಡುವೆ ಮೀಟರ್ ಹಾಕಿಸಿ, ಬಾಗಿಲು ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದರೆ 50 ಮಿಲಿಆಂಪಿಯರ್ ಒಳಗಿರಬೇಕು. 200 ಇದ್ದರೆ ದಿನಕ್ಕೆ 4.8 ಆಂಪಿಯರ್-ಅವರ್ ಸೋರಿತು, 35ರ ಬ್ಯಾಟರಿ ನಾಲ್ಕು ದಿನ ತುಂಬುವ ಮೊದಲೇ ಅರ್ಧ ಖಾಲಿ. ಜಿಪಿಎಸ್ ಆಂಟೆನಾವನ್ನು ಸ್ಟೀರಿಯೋ ಹಿಂದೆ ತುರುಕಿಬಿಡುತ್ತಾರೆ. ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡಕ್ಕೆ, ಆಕಾಶ ಕಾಣುವಂತೆ ಅಂಟಿಸಲು ಹೇಳಿ. ಕಾಡಿನ ಮರಗಳ ಕೆಳಗೆ ಮೊದಲೇ ಸಿಗ್ನಲ್ ಕಡಿಮೆ.

ಫೋನ್ ಕೈಯಲ್ಲಿ ಹಿಡಿದು ಓಡಿಸುವುದು ಅಪರಾಧ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಮೋಟಾರು ವಾಹನ ನಿಯಮಗಳ ತಿದ್ದುಪಡಿ, ಫೋನನ್ನು ಗಮನ ತಪ್ಪದ ರೀತಿಯಲ್ಲಿ ದಾರಿ ನೋಡಲು ಮಾತ್ರ ಬಳಸಬಹುದು ಎನ್ನುತ್ತದೆ. ಹೋಲ್ಡರ್ ಹಾಕಿಸಿ.

ಕಾರು ಮಾರುವ ದಿನ ಸೀಟಿನಡಿಯ ಚಿಲ್ಲರೆ ಹುಡುಕುವುದರ ಜೊತೆಗೆ ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿ, ಕಂಪನಿಯ ಆಪಿನಿಂದಲೂ ಆ ಗಾಡಿಯನ್ನು ತೆಗೆದುಹಾಕಿ. ಆಂಡ್ರಾಯ್ಡ್ ಆಟೋದಲ್ಲಿ ಹುಡುಕಿದ ದಾರಿಗಳು ನಿಮ್ಮ ಫೋನಿನ ಜೊತೆಗೇ ಬರುತ್ತವೆ. ಬ್ಲೂಟೂತಿನಲ್ಲಿ ಕಾರಿಗೆ ಇಳಿದ ನಂಬರುಗಳು ಮತ್ತು ಕಾರಿನ ಮ್ಯಾಪಿನಲ್ಲಿ "ಮನೆ" ಎಂದು ಗುರುತಿಟ್ಟ ಜಾಗ ಅಳಿಸುವವರೆಗೂ ಆ ಸ್ಕ್ರೀನಿನಲ್ಲೇ ಇರುತ್ತವೆ.