ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ

"ಅವರನ್ನು ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ!" ಈ ವಾರವಿಡೀ ನನ್ನ ಕಿವಿಯಲ್ಲಿ ಕೊರೆಯುತ್ತಿರುವ ಮಾತಿದು. ಗೆಳೆಯನ ಎಚ್‌ಐವಿ ವರದಿ ಪಾಸಿಟಿವ್ ಬಂದಿದೆಯೆಂದು, ಅವನೇ ಕೇಳಿಕೊಂಡಿದ್ದರಿಂದ, ಅವನ ಹಳೆಯ ವೈದ್ಯರಿಗೆ ಫೋನ್ ಮಾಡಿ ತಿಳಿಸಿದೆ. ಅವರ ಬಾಯಿಂದ ಮೊದಲು ಬಂದದ್ದೇ ಇದು.

ವಾರಗಟ್ಟಲೆ ಒಣಕೆಮ್ಮು, ಸಂಜೆಯಾದರೆ ಸಣ್ಣ ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು. ಆ ವೈದ್ಯರು ಮೊದಲು ಆ್ಯಂಟಿಬಯಾಟಿಕ್ ಕೊಟ್ಟರು, ಆಮೇಲೆ ಅಲರ್ಜಿಯ ಮಾತ್ರೆ, ಕೊನೆಗೆ ಇನ್‌ಹೇಲರ್. ಎಕ್ಸ್‌ರೇ ಚೆನ್ನಾಗಿಯೇ ಇತ್ತು. ಆಮೇಲೆ ಪತ್ತೆಯಾದ ಶ್ವಾಸಕೋಶದ ಕಾಯಿಲೆಯ ಆರಂಭದಲ್ಲಿ ಎಕ್ಸ್‌ರೇ ಏನನ್ನೂ ತೋರಿಸದೆ ಇರಬಹುದು.

ದೊಡ್ಡ ಆಸ್ಪತ್ರೆಯ ಯುವ ವೈದ್ಯೆ ಅವನ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಸಿಕ್ಕಿಸಿದರು. ಕುಳಿತಿದ್ದಾಗ 96. ಬೇರೆಯವರಾಗಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದರೇನೋ. ಈಕೆ, "ಕಾರಿಡಾರಿನ ಕೊನೆಯವರೆಗೆ ಹೋಗಿ ಬರೋಣ, ಬನ್ನಿ" ಎಂದು ಜೊತೆಗೇ ನಡೆದರು. 92, 88, 84. ವಾಪಸು ಬರುವಾಗ ಅವನು ಗೋಡೆ ಹಿಡಿದುಕೊಂಡಿದ್ದ, ಉಗುರುಗಳು ನೀಲಿಗಟ್ಟಿದ್ದವು. ಆಕೆ ಆಮ್ಲಜನಕ ಹಾಕಿಸಿ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದ ದನಿಯಲ್ಲಿಯೇ, "ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸೋಣ, ಆಗಬಹುದೇ?" ಎಂದರು. ಅವನು ತಲೆಯಾಡಿಸಿದ. ಇಷ್ಟು ಸರಳವಾಗಿ ಕೇಳಬಹುದಾದ ಪ್ರಶ್ನೆ!

ನ್ಯುಮೊಸಿಸ್ಟಿಸ್ ನ್ಯುಮೋನಿಯಾ. ಅವನ ಕಾಯಿಲೆಯ ಹೆಸರು ಅದು; ತರುವುದು ಒಂದು ಬಗೆಯ ಶಿಲೀಂಧ್ರ. ನಮ್ಮಲ್ಲಿ ಬಹುತೇಕರಿಗೆ ಬಾಲ್ಯದಲ್ಲೇ ಇದರ ಸೋಂಕು ತಗುಲಿರುತ್ತದೆ, ರೋಗನಿರೋಧಕ ಶಕ್ತಿ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ಎಚ್‌ಐವಿ ನಾಶಮಾಡುವ ಸಿಡಿ4 ಎಂಬ ರೋಗನಿರೋಧಕ ಬಿಳಿ ರಕ್ತಕಣಗಳು, ರಕ್ತದ ಪ್ರತಿ ಮೈಕ್ರೋಲೀಟರಿಗೆ 200ಕ್ಕಿಂತ ಕೆಳಗಿಳಿದಾಗ ಅದಕ್ಕೆ ದಾರಿ ಸಿಗುತ್ತದೆ. ಗೆಳೆಯನ ಲೆಕ್ಕ ಅದಕ್ಕಿಂತ ಎಷ್ಟೋ ಕೆಳಗಿತ್ತು. 1981ರ ಜೂನ್ 5ರಂದು ಲಾಸ್ ಏಂಜಲೀಸ್‌ನ ಐವರು ಯುವಕರ ಬಗ್ಗೆ ಪ್ರಕಟವಾದ ವರದಿ, ಏಡ್ಸ್ ಕುರಿತ ಮೊಟ್ಟಮೊದಲನೆಯದು, ಹೇಳಿದ್ದು ಇದೇ ಶ್ವಾಸಕೋಶದ ಸೋಂಕಿನ ಕಥೆಯನ್ನು. ಅಂದಿನಿಂದ ವೈದ್ಯಕೀಯ ಪುಸ್ತಕಗಳಲ್ಲಿರುವ ಸಂಗತಿ ಒಬ್ಬ ಅನುಭವಿ ವೈದ್ಯರ ತಲೆಗೆ ಹೊಳೆಯಲಿಲ್ಲವೆಂದರೆ, ಅಡ್ಡ ಬಂದದ್ದು ಅಜ್ಞಾನವಲ್ಲ, ಮರ್ಯಾದೆ. ಸಂಸಾರಸ್ಥ, ಸಭ್ಯ, ನಯವಾದ ಮಾತು. ಇಂಥವರನ್ನು ಹೇಗೆ ಕೇಳುವುದು? ಆ ವೈದ್ಯರು ಕೆಟ್ಟವರಲ್ಲ, ಅದು ನನಗೆ ಗೊತ್ತು. ಅವರ ಸಂಕೋಚಕ್ಕೆ ಅವನ ಜೀವವೇ ಬಲಿಯಾಗುತ್ತಿತ್ತು ಎಂಬುದೂ ಗೊತ್ತು. ಎಚ್‌ಐವಿ ಸೋಂಕಿದ್ದೂ ವರ್ಷಗಟ್ಟಲೆ ಆರೋಗ್ಯವಂತರಂತೆಯೇ ಓಡಾಡಿಕೊಂಡಿರುವವರು ಎಷ್ಟೋ ಮಂದಿ. ಆ ವೈದ್ಯರು ಯಾರ ಮುಖದಲ್ಲಿ ಏನು ಹುಡುಕುತ್ತಿದ್ದರು?

ಕ್ಷಯದ ಪರೀಕ್ಷೆಯೂ ಆಯಿತು. ಎಚ್‌ಐವಿ ಇರುವವರ ಪ್ರಾಣ ತೆಗೆಯುವ ಕಾಯಿಲೆಗಳಲ್ಲಿ ಮೊದಲ ಸ್ಥಾನ ಅದರದ್ದೇ. ಸದ್ಯ, ಅದು ಇರಲಿಲ್ಲ. ಕೋ-ಟ್ರೈಮೋಕ್ಸಜೋಲ್ ಎಂಬ ಹಳೆಯ, ಅಗ್ಗದ ಔಷಧಿ 21 ದಿನ; ಆಮ್ಲಜನಕ ತೀರಾ ಇಳಿದಿದ್ದರಿಂದ ಜೊತೆಗೆ ಸ್ಟೆರಾಯ್ಡ್. ಎಚ್‌ಐವಿ ಸೋಂಕು ಮೊದಲೇ ಗೊತ್ತಾಗಿದ್ದರೆ, ಇದೇ ಔಷಧಿಯ ಸಣ್ಣ ಪ್ರಮಾಣದಿಂದ ಈ ನ್ಯುಮೋನಿಯಾವನ್ನೇ ತಡೆಯಬಹುದಿತ್ತು. ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ಎಚ್‌ಐವಿಯ ಮಾತ್ರೆಗಳೂ ಶುರುವಾಗಿವೆ. ಸಿಡಿ4 ಮತ್ತೆ 200 ದಾಟಿ ಕೆಲವು ತಿಂಗಳು ಅಲ್ಲೇ ನಿಲ್ಲುವವರೆಗೆ ತಡೆ ಔಷಧಿಯನ್ನೂ ಬಿಡುವಂತಿಲ್ಲ ಎಂದು ವೈದ್ಯೆ ವಿವರಿಸಿದರು. "ನಾನು ಬಿಡಿಸುವುದಿಲ್ಲ" ಎಂದು ಅವನಿಗಿಂತ ಮೊದಲು ಅವನ ಹೆಂಡತಿ ಉತ್ತರಿಸಿದರು. ಅವರ ಪರೀಕ್ಷೆ ನಾಳೆ ಇದೆ.